ಬಸ್ಸಿನ ಹೊತ್ತು ಯಾರದು?

ಸರಸ್ವತಿಪುರಂನಲ್ಲಿ ಬಸ್ಸು ಹತ್ತಿದವರೆಲ್ಲ ಮೊಬೈಲಿಗೆ ತಲೆಬಾಗಿಸಿ ಹೊತ್ತು ಹಾಳುಮಾಡುತ್ತಾರೆಂದು ಕೆಲವು ಮಹನೀಯರು ಮರುಗುತ್ತಾರೆ. ಕಾರಿನಲ್ಲಿ ಓಡಾಡುವ ಈ ಉಪದೇಶಕರಿಗೆ ನಮ್ಮದೊಂದೇ ಪ್ರಶ್ನೆ: ಆ ಹೊತ್ತು ಯಾರದು?

1948ರ ಕಾರ್ಖಾನೆ ಕಾಯ್ದೆಯು ದಿನದ ದುಡಿಮೆಗೆ 9 ಗಂಟೆಯ ಮಿತಿ ಹಾಕಿತ್ತು. 2023ರ ಕರ್ನಾಟಕ ತಿದ್ದುಪಡಿಯು ಅದನ್ನು 12 ಗಂಟೆಗೆ ಹಿಗ್ಗಿಸಲು ಧಣಿಗಳಿಗೆ ಬಾಗಿಲು ತೆರೆಯಿತು. ಹೆಬ್ಬಾಳಕ್ಕೋ ನಂಜನಗೂಡಿಗೋ ಹೋಗಿಬರುವ ಕಾರ್ಮಿಕನ ದಾರಿಯ ಹೊತ್ತು ಮಾತ್ರ ಎರಡರ ಲೆಕ್ಕಕ್ಕೂ ಬರಲಿಲ್ಲ. ದುಡಿದು ದಣಿದು, ನಿಂತುಕೊಂಡೇ ಮನೆಗೆ ಬರುವವನು ಒಂದು ಹಾಡು ಕೇಳಿದರೆ, ಊರಿನಲ್ಲಿರುವ ತಾಯಿಯ ಮುಖ ನೋಡಿದರೆ ಅದು ಸೋಮಾರಿತನವೇ?

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಆರಂಭಿಸಿದ ಊರು ಈ ಮೈಸೂರು. ಯಂತ್ರ ಜನರ ಕೈಗೆ ಬಂದದ್ದು ಕೇಡಲ್ಲ. ಅದೇ ಯಂತ್ರದ ಮೂಲಕ ಮೇಲಧಿಕಾರಿಯ ಆಜ್ಞೆ ಬಸ್ಸಿನೊಳಕ್ಕೂ ನುಗ್ಗುತ್ತಿದೆಯಲ್ಲ, ಕೇಡು ಅದು! ಕೂಲಿಯಿಲ್ಲದ ಆ ದುಡಿಮೆಯ ಬಗ್ಗೆ ಮಹನೀಯರು ತುಟಿಬಿಚ್ಚುವುದಿಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ತಪ್ಪಿತು; ಒಳ್ಳೆಯದೇ. ಇನ್ನು ಬಸ್ಸುಗಳು ಹೆಚ್ಚಲಿ, ಕೂರಲು ಜಾಗ ಸಿಗಲಿ. ಕೆಲಸ ಮುಗಿದ ಮೇಲೆ ಬರುವ ಆಜ್ಞೆಗೆ ಕೂಲಿ ಕೊಡಲಿ, ಇಲ್ಲವೇ ಆಜ್ಞೆ ನಿಲ್ಲಲಿ. ದುಡಿಯುವ ಬಂಧುಗಳೇ, ದಾರಿಯ ಹೊತ್ತು ನಮ್ಮದು. ಅದನ್ನು ಸಂಘದ ಬೇಡಿಕೆಪಟ್ಟಿಯಲ್ಲಿ ಬರೆಯಿಸಿರಿ.