ಕೋಡಿ ತಗ್ಗಿಸಿದರೆ ಕೆರೆ ತುಂಬೀತೇ?

ಎಸ್ಸೆಸ್ಸೆಲ್ಸಿ ಪಾಸಿನ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಿದ್ದನ್ನು ‘ಎರಡೇ ಅಂಕ ತಾನೆ’ ಎಂದು ಸಮರ್ಥಿಸುವವರು ಒಮ್ಮೆ ಕೂತು ಲೆಕ್ಕ ಹಾಕಲಿ. 2025–26ರಿಂದ 625ಕ್ಕೆ 206 ಬಂದು, ಯಾವ ವಿಷಯದಲ್ಲೂ ಶೇ 30ಕ್ಕಿಂತ ಕೆಳಗಿಳಿಯದಿದ್ದರೆ ವಿದ್ಯಾರ್ಥಿ ಪಾಸು. ಆ 206ರೊಳಗೆ ಶಾಲೆಯೇ ಹಾಕುವ ಆಂತರಿಕ ಅಂಕವೂ ಸೇರಿದೆ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20, ಒಟ್ಟು 125. ಶಾಲೆ ಅಷ್ಟನ್ನೂ ಕೊಟ್ಟರೆ ಮಗು ಪರೀಕ್ಷಾ ಕೊಠಡಿಯಲ್ಲಿ ಬರೆದು ಗಳಿಸಬೇಕಾದದ್ದು 500ಕ್ಕೆ ಬರೀ 81. ಮೊದಲು ಲಿಖಿತ ಪರೀಕ್ಷೆಯಲ್ಲೇ ಪ್ರಥಮ ಭಾಷೆಗೆ 100ಕ್ಕೆ 35, ಉಳಿದ ಒಂದೊಂದು ವಿಷಯಕ್ಕೆ 80ಕ್ಕೆ 28 ಬರಬೇಕಿತ್ತು. ಇಳಿದದ್ದು ಎರಡು ಅಂಕವಲ್ಲ, ಅರ್ಧಕ್ಕರ್ಧ. ಇನ್ನು ಆಂತರಿಕ ಅಂಕ ಹಾಕುವವರು ಯಾರು? ಫಲಿತಾಂಶ ಬಿದ್ದರೆ ಇಲಾಖೆಯಿಂದ ನೋಟಿಸು ಪಡೆಯುವ ಅದೇ ಶಾಲೆಯ ಮೇಷ್ಟ್ರುಗಳು. ಅವರ ಕೈಗೆ ಪೆನ್ನು ಕೊಟ್ಟು, ತಲೆಯ ಮೇಲೆ ನೋಟಿಸು ತೂಗಿಬಿಟ್ಟ ಮೇಲೆ ಆ 125 ಅಂಕ ಮಗು ಕಲಿತದ್ದನ್ನು ಅಳೆಯುತ್ತದೆ ಎಂದು ನಂಬುವುದು ಹೇಗೆ?

ಈ ತಿದ್ದುಪಡಿ ಎಲ್ಲಿಂದ ಬಂತು ಎಂಬುದನ್ನು ಮರೆಯಬಾರದು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶದ ನಿಜ ಬಣ್ಣ ಹೊರಬಿತ್ತು. ಆಗ ಕೃಪಾಂಕವನ್ನು ಶೇ 20ರ ತನಕ ಏರಿಸಿ 73.40 ಎಂದು ಘೋಷಿಸಿದರು. ಕೃಪಾಂಕ ತೆಗೆದರೆ ಉಳಿಯುತ್ತಿದ್ದದ್ದು ಸುಮಾರು 54. ಮುಖ್ಯಮಂತ್ರಿಗಳೇ ಆಕ್ಷೇಪಿಸಿದ ಮೇಲೆ ಆ ಕೃಪಾಂಕ ನಿಂತಿತು. 2025ರಲ್ಲಿ ಫಲಿತಾಂಶ 62.34ಕ್ಕೆ ಬಂತು. ಅದು ನೋವಿನ ಸಂಖ್ಯೆ, ಆದರೆ ಪ್ರಾಮಾಣಿಕ ಸಂಖ್ಯೆ. ಹತ್ತು ವರ್ಷ ನಮ್ಮ ಶಾಲೆಗಳಲ್ಲಿ ಕೂತ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗೆ ಏನು ಕಲಿಸಿದೆವು ಎಂದು ಅದು ಸರ್ಕಾರವನ್ನು ಕೇಳುತ್ತಿತ್ತು. ಉತ್ತರ ಹುಡುಕುವ ಬದಲು ಅದೇ ವರ್ಷ ನಿಯಮವನ್ನೇ ತಿದ್ದಿದರು. ಕೃಪಾಂಕ ಒಂದು ವರ್ಷಕ್ಕೆ ಮುಗಿಯುವಂಥದ್ದು, ನಿಯಮ ಉಳಿದುಬಿಡುತ್ತದೆ. ಕೆರೆಗೆ ನೀರು ಬಾರದಿದ್ದಾಗ ಕೋಡಿಯ ಕಲ್ಲು ಕಿತ್ತು ತಗ್ಗಿಸಿ, ‘ಕೋಡಿ ಹರಿಯಿತು’ ಎಂದು ಬಾಗಿನ ಬಿಟ್ಟ ಹಾಗಾಯಿತು.

ಇದರ ಬಿಸಿ ಬೆಂಗಳೂರಿನ ದುಬಾರಿ ಶಾಲೆಗಳಿಗೆ ತಟ್ಟುವುದಿಲ್ಲ, ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯಂಥ ಕಡೆ ತಟ್ಟುತ್ತದೆ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಮಗು ಕನ್ನಡವನ್ನು ಶಾಲೆಯಲ್ಲೇ ಕಲಿಯಬೇಕು, ಆ ಕನ್ನಡದಲ್ಲೇ ಗಣಿತ, ವಿಜ್ಞಾನ ಬರೆಯಬೇಕು. ಒಂದನೇ ತರಗತಿಯಿಂದ ಜೊತೆಗಿರುವ ಮೇಷ್ಟ್ರು ಬೇಕು ಅದಕ್ಕೆ. ರಾಜ್ಯ ಕೊಡುತ್ತಿರುವುದು ಅತಿಥಿ ಶಿಕ್ಷಕರನ್ನು. 2025–26ರ ಸಾಲಿಗೆ ಸುಮಾರು 51 ಸಾವಿರ ಮಂದಿ! ವರ್ಷವರ್ಷವೂ ಬದಲಾಗುವ, ಹನ್ನೆರಡು ಸಾವಿರದ ಆಸುಪಾಸಿನ ಗೌರವಧನಕ್ಕೆ ದುಡಿಯುವ ಇವರನ್ನು ದೂರುವುದು ಅನ್ಯಾಯ. ಖಾಯಂ ನೇಮಕಾತಿಗೆ ಬೆನ್ನು ತಿರುಗಿಸಿದವರನ್ನೇ ದೂರಬೇಕು. ಇದೇ ಜಿಲ್ಲೆಯ ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅಂಥ ಹಳ್ಳಿಯ ಮಕ್ಕಳಿಗೆ ಇವತ್ತು ಸರ್ಕಾರ ಹೇಳುತ್ತಿರುವುದು, ‘ನಿಮಗೆ 81 ಸಾಕು’ ಎಂದು.

ಸಿಬಿಎಸ್‌ಇಯಲ್ಲೂ 33 ಇದೆಯಲ್ಲ ಎನ್ನುತ್ತಾರೆ. ಇರಲಿ. ಆ ಅಂಕವನ್ನು ತಂದವರು ಕೇಂದ್ರೀಯ ವಿದ್ಯಾಲಯಗಳ ಪ್ರಯೋಗಾಲಯವನ್ನೂ ಗ್ರಂಥಾಲಯವನ್ನೂ ನಮ್ಮ ಹೋಬಳಿಗಳಿಗೆ ಯಾಕೆ ತರಲಿಲ್ಲ? ಫೇಲಾದ ಹುಡುಗ ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕ ಸೇರುತ್ತಾನೆ, ಹುಡುಗಿಗೆ ಮದುವೆ ಮಾಡಿಬಿಡುತ್ತಾರೆ ಎಂಬ ಮಾತು ಸಿಬಿಎಸ್‌ಇಯ ವಾದಕ್ಕಿಂತ ತೂಕದ್ದು. ಆ ಭಯ ನಿಜ. ಆದರೆ ಅದಕ್ಕೆಂದೇ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಮೊದಲನೆಯದರಲ್ಲಿ ಬಿದ್ದ ಮಗುವಿಗೆ ಎರಡನೆಯದರೊಳಗೆ ಪಾಠ ಹೇಳಿಕೊಡುವುದು ಇಲಾಖೆಯ ಕೆಲಸ. ಆ ಕೆಲಸ ಮಾಡದೆ ಪಾಸು ಮಾಡಿದರೆ, ಅದೇ ಹುಡುಗಿ ಪ್ರಥಮ ಪಿಯುಸಿಯಲ್ಲಿ ಲೆಕ್ಕವೂ ಇಂಗ್ಲಿಷೂ ತಿಳಿಯದೆ ಕೂತು, ಒಂದು ವರ್ಷ ತಡವಾಗಿ ಅದೇ ಮದುವೆಗೆ ಹೋಗುತ್ತಾಳೆ. ಆಗ ಅವಳು ಯಾವ ಎಸ್ಸೆಸ್ಸೆಲ್ಸಿ ಅಂಕಿ-ಅಂಶದಲ್ಲೂ ಕಾಣಿಸುವುದಿಲ್ಲ.

ಲಿಖಿತ ಪರೀಕ್ಷೆಗೆ 80ಕ್ಕೆ 28ರ ಕನಿಷ್ಠವನ್ನು ಮರಳಿ ತರಬೇಕು. ಶಾಲಾವಾರು ಫಲಿತಾಂಶದಲ್ಲಿ ಬರೆದು ಗಳಿಸಿದ ಅಂಕವನ್ನು ಆಂತರಿಕ ಅಂಕದಿಂದ ಬೇರೆಯಾಗಿಯೇ ಪ್ರಕಟಿಸಬೇಕು. ಚಿಂತಾಮಣಿಯ ಶಾಸಕರು ಇವತ್ತು ಉನ್ನತ ಶಿಕ್ಷಣ ಸಚಿವರು. ಅಂಬಾಜಿದುರ್ಗ ಹೋಬಳಿಯ ಯಾವ ಪ್ರೌಢಶಾಲೆಯಲ್ಲಿ ಯಾವ ವಿಷಯಕ್ಕೆ ಖಾಯಂ ಶಿಕ್ಷಕರಿಲ್ಲ ಎಂಬ ಪಟ್ಟಿಯನ್ನು ಅವರು ಮುಂದಿನ ಸಂಪುಟ ಸಭೆಗೆ ಕೊಂಡೊಯ್ಯಲಿ.