ಖರೀದಿ ಪತ್ರಕ್ಕೆ ಯಾವ ಮುಹೂರ್ತ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಈಗ ನಮ್ಮ ಹುಡುಗರು ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಕೊಳ್ಳುವುದೇ ಹೆಚ್ಚು. ರಾಣೇಬೆನ್ನೂರು, ಹಾವೇರಿ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಮನೆ ಕೊಂಡ ಸುದ್ದಿ ಬಂದಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಆದರೆ ಕೊಳ್ಳುವ ಮುನ್ನ ಅವರು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಸರ್, ರಜಿಸ್ಟ್ರಿಗೆ ಚಲೋ ದಿನ ಯಾವುದ್ರಿ?’ ಉತಾರ ನೋಡಿದೆಯಾ ಎಂದರೆ ಮೌನ; ಬೋಜಾ ಇದೆಯೇ ಎಂದರೆ ‘ಏಜೆಂಟರು ನೋಡ್ಯಾರ್ರಿ’ ಎಂಬ ಉತ್ತರ. ದಿನವನ್ನು ಮೂವರು ಜ್ಯೋತಿಷಿಗಳಲ್ಲಿ ಕೇಳಿ, ಕಾಗದವನ್ನು ಒಬ್ಬ ವಕೀಲರಿಗೂ ತೋರಿಸದ ಈ ವಿವೇಕಕ್ಕೆ ಏನೆನ್ನಬೇಕು?

ಮೊದಲು ಲೆಕ್ಕವನ್ನೇ ನೋಡೋಣ. ಕ್ಯಾಲೆಂಡರಿನ ಪ್ರಕಾರ ಬುಧವಾರ 10.30ರಿಂದ 12ರವರೆಗೆ ಗುಳಿಕಕಾಲ, 12ರಿಂದ 1.30ರವರೆಗೆ ರಾಹುಕಾಲ. ಬೆಳಗಿನ ಕಚೇರಿ ಅಲ್ಲಿಗೇ ಮುಗಿಯಿತು. ಶುಕ್ರವಾರ 10.30ಕ್ಕೆ ರಾಹು, ಮಧ್ಯಾಹ್ನ 3ಕ್ಕೆ ಯಮಗಂಡ. ಈ ಪಟ್ಟಿಯಾದರೂ ಸೂರ್ಯನು ನಿತ್ಯವೂ 6 ಗಂಟೆಗೇ ಹುಟ್ಟುವನೆಂದು ಎಣಿಸಿ ಹಾಕಿದ್ದು. ಜನವರಿಯಲ್ಲಿ ನಮ್ಮ ಕದರಮಂಡಲಗಿಯಲ್ಲಿ ಸೂರ್ಯೋದಯವಾಗುವುದು 7 ಗಂಟೆಯ ಸಮೀಪಕ್ಕೆ. ಗೋಡೆಯ ಮೇಲಿನ ರಾಹುವಿಗೂ ಆಕಾಶದ ಸೂರ್ಯನಿಗೂ ಹೊಂದಿಕೆಯೇ ಇಲ್ಲ! ಇನ್ನು ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕಮಾಸಗಳನ್ನು ಕಳೆದರೆ ವರ್ಷದಲ್ಲಿ ಉಳಿಯುವುದೆಷ್ಟು?

ಮುಹೂರ್ತ ಹಿಡಿದು ಹೋದರೂ ಕಚೇರಿಯ ಗಣಕಯಂತ್ರ ಅದಕ್ಕೆ ಕಾಯುವುದಿಲ್ಲ. 2025ರ ಫೆಬ್ರವರಿ ಆರಂಭದಲ್ಲಿ ‘ಕಾವೇರಿ 2.0’ ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು ರಾಜ್ಯದೆಲ್ಲೆಡೆ ನೋಂದಣಿ ಅಸ್ತವ್ಯಸ್ತವಾಯಿತು. ಅದೇ ವರ್ಷ ಗಣೇಶ ಚತುರ್ಥಿ ಬಂದದ್ದು ಆಗಸ್ಟ್ 27ರಂದು. ಹಬ್ಬ ಕಳೆಯಲಿ ಎಂದು ಕುಳಿತವರಿಗೆ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೇರಿತು, 30 ಲಕ್ಷದ ಮನೆಗೆ 30 ಸಾವಿರ ರೂಪಾಯಿ ಹೆಚ್ಚು. ಯಾವ ಪಂಚಾಂಗವೂ ಇದನ್ನು ಮುಂಚಿತವಾಗಿ ಹೇಳಲಿಲ್ಲ.

ಹಣದ ನಷ್ಟವನ್ನಾದರೂ ತುಂಬಿಕೊಳ್ಳಬಹುದು. ನಮ್ಮ ಬಂಧುವರ್ಗದಲ್ಲಿಯೇ ನಡೆದುದನ್ನು ಕೇಳಿ. ಒಂದು ಮನೆಗೆ ಮಾತಾಯಿತು, ಸಂಚಕಾರ ಕೊಟ್ಟದ್ದಾಯಿತು, ಕಾಗದಗಳೂ ಸರಿಯಾಗಿದ್ದವು. ಆದರೆ ಆಷಾಢ ಹಿಡಿದಿತ್ತು. ಶ್ರಾವಣಕ್ಕೆ ನೋಡೋಣ ಎಂದರು. ಆ ನಾಲ್ಕು ವಾರಗಳಲ್ಲಿ ಮಾರುವವರು ತೀರಿಕೊಂಡರು. ವಾರಸುದಾರರು ಐವರು, ನಾಲ್ವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಸಂಚಕಾರದ ಹಣ ಕೈಸೇರಲು ಎರಡು ವರ್ಷ ಬೇಕಾಯಿತು. ಮನೆ ದಕ್ಕಲೇ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮು ಸ್ಪಷ್ಟವಾಗಿದೆ: ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಸಂಚಕಾರಕ್ಕೂ ಖರೀದಿ ಪತ್ರಕ್ಕೂ ನಡುವಿನ ಅವಧಿಯೇ ನಿಜವಾದ ರಾಹುಕಾಲ. ಅದನ್ನು ನಾವೇ ಕೈಯಾರೆ ಉದ್ದ ಮಾಡಿಕೊಳ್ಳುತ್ತೇವೆ.

ಇದಕ್ಕೆ ತದ್ವಿರುದ್ಧವಾದ ಕೇಡೂ ಉಂಟು. ಅಕ್ಷಯ ತದಿಗೆ ತಪ್ಪಬಾರದೆಂಬ ಅವಸರದಲ್ಲಿ ‘ತಂಗಿಯ ಸಹಿ ಆಮೇಲೆ ಹಾಕಿಸಿದರಾಯಿತು’ ಎಂಬ ಮಾತಿಗೆ ಒಪ್ಪಿ ಹಣ ಎಣಿಸಿಕೊಟ್ಟವರಿದ್ದಾರೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳೆಂದು 2005ರ ತಿದ್ದುಪಡಿ ಹೇಳಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಆ ತಂಗಿ ನಾಳೆ ದಾವೆ ಹೂಡಿದರೆ, ನೋಂದಣಿ ಅಕ್ಷಯ ತದಿಗೆಯಂದೇ ಆಗಿತ್ತು ಎಂದು ಯಾವ ನ್ಯಾಯಾಧೀಶರ ಮುಂದೆ ವಾದಿಸುವಿರಿ?

ನಾನು ನಾಸ್ತಿಕನಲ್ಲ. ನಮ್ಮೂರ ಕಾಂತೇಶನ ಗುಡಿಯ ನೆರಳಿನಲ್ಲಿ ಬೆಳೆದವನು. ಖರೀದಿ ಪತ್ರವನ್ನು ಸ್ವಾಮಿಯ ಪಾದದಲ್ಲಿಟ್ಟು ಪೂಜೆ ಮಾಡಿಸಿರಿ, ಗೃಹಪ್ರವೇಶಕ್ಕೆ ಒಳ್ಳೆಯ ಲಗ್ನ ನೋಡಿರಿ, ನನ್ನ ಅಭ್ಯಂತರವಿಲ್ಲ. ಆದರೆ ಬಸವಣ್ಣನವರು 12ನೆಯ ಶತಮಾನದಲ್ಲಿಯೇ ತಾರಾಬಲ, ಚಂದ್ರಬಲಗಳ ಗೊಡವೆ ಬೇಡವೆಂದ ನಾಡು ಇದು. ಅದನ್ನು ಜಯಂತಿಯ ಭಾಷಣಕ್ಕೆ ಮಾತ್ರ ಮೀಸಲಿಡುವುದು ಸಲ್ಲದು.

ಮನೆಯ ಹಿರಿಯರು ಮುಹೂರ್ತವೇ ಬೇಕೆಂದು ಹಟ ಹಿಡಿದರೆ ಕಾನೂನಿನಲ್ಲಿಯೇ ದಾರಿಯಿದೆ. 1908ರ ನೋಂದಣಿ ಕಾಯ್ದೆಯ 47ನೆಯ ಕಲಮಿನಂತೆ, ನೋಂದಣಿಯಾದ ಪತ್ರವು ಸಾಮಾನ್ಯವಾಗಿ ಸಹಿ ಬಿದ್ದ ಕಾಲದಿಂದಲೇ ಜಾರಿಗೆ ಬರುತ್ತದೆ. ಮುದ್ರಾಂಕ ಶುಲ್ಕ ತುಂಬಿ, ಶುಭ ಗಳಿಗೆಯಲ್ಲಿ ದೇವರ ಮುಂದೆ ಇಬ್ಬರೂ ಸಹಿ ಮಾಡಿ, ಅದೇ ದಿನ ಸಬ್ ರಜಿಸ್ಟ್ರಾರರ ಕಚೇರಿಗೆ ನಡೆಯಿರಿ. ಅಲ್ಲಿ ಸಿಕ್ಕ ಸಮಯವೇ ಸಮಯ.

ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂದು ಪಂಚಾಂಗಕ್ಕೆ ಐದು ಅಂಗ. ಖರೀದಿಯ ಪಂಚಾಂಗಕ್ಕೂ ಐದೇ ಅಂಗ:

1. ಮಾರುವವರ ಹೆಸರಿನಲ್ಲಿಯೇ ಇರುವ ಇ-ಖಾತೆ. ಹಳ್ಳಿಯ ಮನೆಗಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11.
2. ಕನಿಷ್ಠ 30 ವರ್ಷಗಳ ಋಣಭಾರ ಪತ್ರ. ಸಾಲದ ಬೋಜಾ ಇದ್ದರೆ ತೀರಿಸಿದ ದಾಖಲೆ.
3. ಮೂಲ ಪತ್ರಗಳು. ಜೆರಾಕ್ಸ್ ಪ್ರತಿ ಸಾಲದು.
4. ಹೆಣ್ಣುಮಕ್ಕಳೂ ಸೇರಿ ಹಕ್ಕುದಾರರೆಲ್ಲರ ಸಹಿ.
5. ಬ್ಯಾಂಕಿನ ಮೂಲಕ ಹಣ. 20,000 ರೂಪಾಯಿ ಅಥವಾ ಮಿಗಿಲಾದುದನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಈ ಐದೂ ಕೂಡಿಬಂದ ದಿನ ಆಷಾಢದ ಮಂಗಳವಾರವಾದರೂ ಸರಿಯೆ, ಅದೇ ಅಮೃತಸಿದ್ಧಿಯೋಗ, ತಡಮಾಡದೆ ಹೋಗಿರಿ. ಐದರಲ್ಲಿ ಒಂದು ಕೊರತೆಯಾದರೂ ವಿಜಯದಶಮಿಯ ದಿನವೂ ಹೊಸ್ತಿಲು ದಾಟಬೇಡಿರಿ. ಪಂಚಾಂಗ ತಪ್ಪಿದರೆ ಮನಸ್ಸಿಗೆ ನಾಲ್ಕು ದಿನ ಕಸಿವಿಸಿ. ಕಾಗದ ತಪ್ಪಿದರೆ ಮಕ್ಕಳ ಕಾಲಕ್ಕೂ ಕೋರ್ಟಿನ ಅಲೆದಾಟ. ನಿಮ್ಮ ಹೊಸ ಮನೆಗೆ ಊಟಕ್ಕೆ ಬರುವ ಆಸೆ ನನಗಿದೆ. ನಿಮ್ಮ ದಾವೆಗೆ ಸಾಕ್ಷಿಯಾಗಿ ಬರುವ ಆಸೆಯಿಲ್ಲ.