ಆರನೇ ಬರ್ತಿನ ಗೆಳೆಯ

ಯುಗಾದಿ ಮುಗಿಯುತ್ತಿದ್ದ ಹಾಗೆ ನಮ್ಮ ಗುಂಪಿಗೆ ಒಂದು ಖಾಯಿಲೆ ಶುರುವಾಗುತ್ತೆ. ಮೇ ತಿಂಗಳಲ್ಲಿ ಹತ್ತು ದಿನ, ಐದಾರು ಊರು, ಬರೀ ರೈಲಿನಲ್ಲಿ! ಕಾಲೇಜು ಬಿಟ್ಟು ಇಷ್ಟು ವರ್ಷವಾದರೂ ಆರು ಜನ ಸೇರಿದರೆ ಹಾಸ್ಟೆಲ್ ಹುಡುಗರ ಹಾಗೇ ಕೂಗಾಡುತ್ತೇವೆ. ರೈಲ್ವೆಯವರಿಗೂ ನಮ್ಮ ಲೆಕ್ಕ ಗೊತ್ತಿರಬೇಕು, ಒಂದು ಟಿಕೆಟ್ಟಿಗೆ ಆರೇ ಜನ :-)

ಹೋದ ಸಲದ ಪ್ಲಾನು ಚೆನ್ನಾಗಿತ್ತು. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ. ಅಲ್ಲಿಂದ ಕೊಂಕಣ ರೈಲು ಹಿಡಿದು ಮಡಗಾಂವ್, ಉಡುಪಿ, ಮಂಗಳೂರು. ಕೊನೆಗೆ ಸುಬ್ರಹ್ಮಣ್ಯ-ಸಕಲೇಶಪುರದ ಘಾಟಿ ಹತ್ತಿ ವಾಪಸ್ ಬೆಂಗಳೂರು. ಹೋದ ದಾರಿಯಲ್ಲಿ ತಿರುಗಿ ಬರುವ ಹಾಗೇ ಇಲ್ಲ. ಈ ಸುತ್ತು ನಮ್ಮ ಅಪ್ಪಂದಿರಿಗೆ ಸಿಕ್ಕಿರಲಿಲ್ಲ ನೋಡಿ. ಕೊಂಕಣ ರೈಲು ಪೂರ್ತಿಯಾಗಿದ್ದೇ 1998ರಲ್ಲಿ. ಮೀಟರ್ ಗೇಜ್ ಕಿತ್ತುಹಾಕಿದ ಮೇಲೆ ಮಂಗಳೂರು-ಹಾಸನದ ದಾರಿಯಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಆಮೇಲೆ ನಮ್ಮಲ್ಲೊಬ್ಬ ಕೇಳಿದ, "ಮೇ ತಿಂಗಳ ಸೆಕೆಯಲ್ಲಿ ಸ್ಲೀಪರಾ? ತಲೆ ಸರಿ ಇದೆಯಾ?" ಎಲ್ಲರೂ ಹೂಂ ಅಂದೆವು, ನಾನೂ ಅಂದೆ. ಸ್ಲೀಪರು ಥರ್ಡ್ ಏಸಿ ಆಯಿತು, ಥರ್ಡ್ ಏಸಿ ಸೆಕೆಂಡ್ ಏಸಿ ಆಯಿತು. ರೈಲೇ ಇಷ್ಟು ದುಬಾರಿ ಆದಮೇಲೆ ಮುಂಬೈಗೆ ವಿಮಾನದಲ್ಲೇ ಹೋಗೋಣ ಅಂತ ಇನ್ನೊಬ್ಬ ಲೆಕ್ಕ ತೆಗೆದ. ಮಾರನೇ ದಿನ ಆರನೆಯವನು ಫೋನ್ ಮಾಡಿದ. "ಬರಕ್ಕಾಗಲ್ಲ ಕಣ್ರೋ, ಹೆಂಡತಿ ಮನೆ ಕಡೆ ಗೃಹಪ್ರವೇಶ ಇದೆ."

ಗೃಹಪ್ರವೇಶ ಇರಲಿಲ್ಲ. ಅದು ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ, ಅದೂ ಅವನ ಹೆಂಡತಿ ಮಾತಿಗೆ ಮಾತು ಬಂದು ಹೇಳಿದ್ದಕ್ಕೆ. ಅವನು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪಾಠ ಇದ್ದ ತಿಂಗಳಿಗೆ ದುಡ್ಡು, ಬೇಸಿಗೆ ರಜೆಯಲ್ಲಿ ಸೊನ್ನೆ. ನಮಗೆ ರಜೆ ಅಂದರೆ ಖರ್ಚು ಮಾಡುವ ತಿಂಗಳು, ಅವನಿಗೆ ಉಸಿರು ಬಿಗಿಹಿಡಿಯುವ ತಿಂಗಳು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಈ ಒಂದು ವಿಷಯ ನಮಗೆ ಹೊಳೆಯಲೇ ಇಲ್ಲ.

ಅದಕ್ಕೇ ಜಗಳದ ಮಾತು ಶುರು ಮಾಡ್ತಿದೀನಿ. ಗೆಳೆಯರ ಟ್ರಿಪ್ಪಿನಲ್ಲಿ ಯಾರು ಗೆಳೆಯರು ಅಂತ ತೀರ್ಮಾನ ಮಾಡೋದು ನಾವಲ್ಲ, ನಾವು ಬುಕ್ ಮಾಡುವ ಕ್ಲಾಸು. ಪ್ಲಾನು ಹಾಕೋದನ್ನ ಗುಂಪಿನಲ್ಲಿ ಅತಿ ಕಡಿಮೆ ದುಡಿಯುವವನ ಜೇಬಿನಿಂದ ಶುರು ಮಾಡಬೇಕು. ಅವನನ್ನು ಎಲ್ಲರೆದುರು "ನಿನಗೆ ಆಗುತ್ತಾ?" ಅಂತ ಕೇಳಿ ಅಲ್ಲ. ಕೇಳುವ ಪ್ರಸಂಗವೇ ಬರದ ಹಾಗೆ.

"ಅವನ ಪಾಲು ನಾವು ಹಾಕಿದ್ರಾಯ್ತಲ್ಲ" ಅಂತೀರಾ? ನಾನೂ ಹಾಗೇ ಅಂದಿದ್ದೆ. ಬೇರೆಯವರ ದುಡ್ಡಲ್ಲಿ ಬಂದವನು "ಈ ಹೋಟೆಲ್ ಬೇಡ, ಆ ಖಾನಾವಳಿಗೆ ಹೋಗೋಣ" ಅಂತ ಜಗಳ ಆಡ್ತಾನಾ? ಕಿಟಕಿ ಸೀಟು ನನಗೇ ಬೇಕು ಅಂತಾನಾ? ಹತ್ತು ದಿನ ಥ್ಯಾಂಕ್ಸ್ ಹೇಳುತ್ತಾ ಸುತ್ತಾಡಬೇಕು, ಅಷ್ಟೇ. ಅಂಥವನು ಜೊತೆಗಾರ ಅಲ್ಲ, ನೆಂಟ.

ಸೆಕೆಯ ಮಾತು ಸುಳ್ಳಲ್ಲ. ಮೇ ತಿಂಗಳ ಮಧ್ಯಾಹ್ನ ಸ್ಲೀಪರ್ ಡಬ್ಬಿ ಒಲೆಯೇ, ಜನವೂ ಜಾಸ್ತಿ. ಹಾಗಂತ ಮಧ್ಯಾಹ್ನ ಯಾಕೆ ಕೂರಬೇಕು? ದೂರದ್ದನ್ನೆಲ್ಲ ರಾತ್ರಿ ಗಾಡಿಗೆ ಹಾಕಿ, ಲಾಡ್ಜಿನ ಬಾಡಿಗೆಯೂ ಉಳಿಯುತ್ತೆ. ಧಾರವಾಡ-ಬೆಳಗಾವಿಯಂಥ ಹತ್ತಿರದ ದಾರಿಗೆ ಬೆಳಗಿನ ಗಾಡಿಯ ಸೆಕೆಂಡ್ ಸಿಟ್ಟಿಂಗ್ ಸಾಕು. ಘಾಟಿಯನ್ನು ಮಾತ್ರ ಹಗಲಲ್ಲೇ ನೋಡಬೇಕು, 57 ಸುರಂಗಗಳನ್ನು ನಿದ್ದೆಯಲ್ಲಿ ಕಳೆಯುವುದು ಪಾಪ!

ಇನ್ನು ರೈಲ್ವೆಯ ಮೇಲಿನ ಸಿಟ್ಟು. ನಮ್ಮ ರೈಲಿನ ದರ ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಕಡಿಮೆಯಾಗುತ್ತಾ ಹೋಗುತ್ತೆ. ಊರೂರಿಗೆ ಬಿಡಿಬಿಡಿ ಟಿಕೆಟ್ ತೆಗೆಸಿದವನಿಗೆ ಆ ಲಾಭ ಇಲ್ಲ. ಮೇಲಾಗಿ ಸ್ಲೀಪರಿನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿಲೋಮೀಟರಿನ ದುಡ್ಡು. ಅಂದರೆ ಊರಿಂದೂರಿಗೆ ಹಾರುವವನಿಗೆ ದಂಡ.

ಇದಕ್ಕೆ ಮದ್ದು ರೈಲ್ವೆಯ ಹತ್ತಿರವೇ ಇದೆ ಅಂದರೆ ನಂಬ್ತೀರಾ? ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಅದರ ಹೆಸರು. ಹೊರಟ ಸ್ಟೇಷನ್ನಿಗೇ ವಾಪಸ್ ಬರುವ ಸುತ್ತು, ನಡುವೆ ಎಂಟು ಕಡೆಯವರೆಗೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಭಾಗ ಮಾಡಿ, ಎರಡು ಉದ್ದ ಪ್ರಯಾಣದ ದರ ಹಾಕುತ್ತಾರೆ. ನಮ್ಮ ಪ್ಲಾನಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ! ಆದರೆ ಇದಕ್ಕೆ ದಾರಿ ಬರೆದು ಅರ್ಜಿ ಕೊಡಬೇಕು, ದರದ ಲೆಕ್ಕ ಹಾಕಿಸಬೇಕು, ಟಿಕೆಟ್ ಕೊಳ್ಳಬೇಕು, ಆಮೇಲೆ ಒಂದೊಂದು ಗಾಡಿಗೂ ಕೌಂಟರಿನಲ್ಲಿ ನಿಂತು ಬರ್ತ್ ಹಿಡಿಯಬೇಕು. 2024ರ ನವೆಂಬರಿನಿಂದ ಬುಕಿಂಗ್ ತೆರೆಯುವುದೇ 60 ದಿನ ಮುಂಚೆ, ಮೊದಲು 120 ಇತ್ತು. ಅರ್ಜಿ ಓಡಾಡುವ ಹೊತ್ತಿಗೆ ಮೇ ತಿಂಗಳ ಬರ್ತುಗಳು ಮೊಬೈಲಿನಲ್ಲಿ ಒತ್ತಿದವರ ಪಾಲಾಗಿರುತ್ತವೆ. ಬಿಡುವಿಲ್ಲದವನು ಆ ಕಡೆ ತಲೆ ಹಾಕಲ್ಲ, ಬಡವನಿಗೆ ಅದು ಇರೋದೇ ಗೊತ್ತಿಲ್ಲ. ಬಚ್ಚಿಟ್ಟ ಸವಲತ್ತು ಸವಲತ್ತೇನ್ರೀ?

ಯುರೋಪಿನವರು 1972ರಲ್ಲೇ ಇಂಟರ್‌ರೈಲ್ ಅಂತ ಪಾಸು ಮಾಡಿದರು, ಮೊದಲು 21 ವರ್ಷದೊಳಗಿನ ಹುಡುಗ ಹುಡುಗಿಯರಿಗೆ ಮಾತ್ರ. 2018ರಿಂದ ಹದಿನೆಂಟು ತುಂಬಿದ ಸಾವಿರಾರು ಮಕ್ಕಳಿಗೆ ಯುರೋಪಿಯನ್ ಒಕ್ಕೂಟವೇ ಪಾಸನ್ನು ಪುಕ್ಕಟೆ ಹಂಚುತ್ತಿದೆ. ಊರು ಸುತ್ತಿದ ಮಕ್ಕಳು ಪಕ್ಕದ ದೇಶದವರನ್ನು ದ್ವೇಷ ಮಾಡೋದು ಕಷ್ಟ ಅನ್ನುವ ಲೆಕ್ಕ ಇರಬೇಕು. ನಮ್ಮಲ್ಲೂ ಇಂಡ್ರೈಲ್ ಪಾಸ್ ಅಂತ ಒಂದಿತ್ತು, ಅದು ವಿದೇಶಿಯರಿಗೆ ಮತ್ತು ಅನಿವಾಸಿಗಳಿಗೆ. 2017ರಲ್ಲಿ ಅದನ್ನೂ ನಿಲ್ಲಿಸಿದರು. ಇಲ್ಲೇ ಹುಟ್ಟಿ ಇಲ್ಲೇ ಇರುವವನಿಗೆ ಆ ಪಾಸು ಸಿಗುತ್ತಲೇ ಇರಲಿಲ್ಲ.

ಆ ಸುತ್ತಿನ ಟಿಕೆಟ್ಟನ್ನು ಆನ್‌ಲೈನಿಗೆ ತರಲಿ, ಸಾಕು. ಐದು ಊರಿನ ಹೆಸರು ಒತ್ತಿದರೆ ದರ ಬರಬೇಕು, ಐದು ಗಾಡಿಯ ಬರ್ತು ಒಟ್ಟಿಗೆ ಸಿಗಬೇಕು. ಹೊಸ ರೈಲೂ ಬೇಡ, ಹೊಸ ಹಳಿಯೂ ಬೇಡ.

ಅದು ಬರುವವರೆಗೆ ಕಾಯುತ್ತಾ ಕೂರುವುದೂ ನೆಪವೇ ಅನ್ನಿ. ರೈಲ್ವೆ ಅವನನ್ನು ಬಿಟ್ಟು ಹೋಗಲಿಲ್ಲ, ನಾವು ಬಿಟ್ಟು ಹೋದೆವು. ಕುಂದಾ ತಿಂದೆವು, ಮಾಟುಂಗಾದಲ್ಲಿ ದೋಸೆ ತಿಂದೆವು, ಫೋಟೋ ಎಲ್ಲ ಅವನಿಗೇ ಕಳಿಸಿದೆವು. "ಸೂಪರ್" ಅಂತ ಉತ್ತರ ಬರೆದಿದ್ದ ಪಾಪ.

ಈ ಸಲ ಅರ್ಜಿ ಬರೆಯುವವನು ನಾನು. ಆರು ಜನ, ಸ್ಲೀಪರ್. ಸೆಕೆ ಆಗುತ್ತೆ ಅನ್ನುವವರು ಮನೆಯಲ್ಲೇ ಇರಲಿ. ಗೃಹಪ್ರವೇಶದ ನೆಪ ಹೇಳುವ ಸರದಿ ಈಗ ಅವರದ್ದು.